ಕಿಡಿ ಹಾರುವ ಸಂದು

ಮನೆಯಲ್ಲಿರುವ ಹಳೆಯ ಮೋಟಾರುಗಾಡಿಗೂ ಮನೆಯ ಹಿರಿಯರಿಗೂ ಒಂದು ಸಾಮ್ಯವುಂಟು. ಅವರು ಮುನಿದರೆ ಕಾರಣವನ್ನು ಕೇಳುವವರು ಕಡಿಮೆ. ವಯಸ್ಸಾಯಿತೆಂದು ಹೇಳಿ ಸುಮ್ಮನಾಗುವವರೇ ಹೆಚ್ಚು.

ಶಿಗ್ಗಾವಿಯಲ್ಲಿ ಇಂಥದೊಂದು ಮನೆಯಿದೆಯೆಂದು ಇಟ್ಟುಕೊಳ್ಳಬಹುದು. ಹಿತ್ತಲಿನ ಪತ್ರಾಸಿನ ಕೆಳಗೆ 1964ನೆಯ ಇಸವಿಯ ಒಂದು ಅಂಬಾಸಡರ್ ನಿಂತಿದೆ. ಅಡತಿ ವ್ಯಾಪಾರ ಮಾಡುತ್ತಿದ್ದ ಯಜಮಾನರು ಹೆಸರು ಹಚ್ಚಿ, ವರ್ಷಗಟ್ಟಲೆ ಕಾಯ್ದು ತಂದ ಗಾಡಿ ಅದು. ಯಜಮಾನರು ಈಗಿಲ್ಲ. ಅವರ ಪತ್ನಿಗೆ ಎಂಬತ್ತೆಂಟು ದಾಟಿದೆ. ಹಿರಿಯ ಮಗ ಹುಬ್ಬಳ್ಳಿಯಲ್ಲಿ ವ್ಯಾಪಾರಸ್ಥ. ಕಿರಿಯ ಮಗ ನಿವೃತ್ತ ಶಾಲಾಮಾಸ್ತರರು, ತಾಯಿಯ ಜೊತೆಗೆ ಶಿಗ್ಗಾವಿಯಲ್ಲಿಯೇ ಇರುವವರು. ಗಾಡಿ ಹೊರಡುತ್ತದೆ, ಆದರೆ ನಿಧಾನವಾಗಿ ಹೋಗಬೇಕಾದಲ್ಲೆಲ್ಲ ಕೆಮ್ಮುತ್ತದೆ. ಏರು ಬಂದರೆ ತಡವರಿಸುತ್ತದೆ. ಗುಜರಿಯವನು ಎರಡು ಸಲ ಬಂದು ಸುತ್ತು ಹಾಕಿ ನೋಡಿ ಹೋಗಿದ್ದಾನೆ. ಹಿರಿಯ ಮಗ ಒಪ್ಪಿದ್ದಾನೆ. ತಾಯಿ ಮಾತ್ರ ಒಂದೇ ಮಾತು ಹೇಳಿದರು.

“ಹಿರೇಕೆರೂರಿಗೆ, ನನ್ನ ತವರಮನಿಗೆ, ಒಮ್ಮೆ ಇದೇ ಗಾಡ್ಯಾಗ ಹೋಗಿ ಬರ್ತೀನಪಾ. ಆಮ್ಯಾಲೆ ನೀವು ಏನರ ಮಾಡ್ರಿ.”

ಹೀಗೆ ಒಂದು ಗಾಡಿಯ ಆಯುಷ್ಯವು ಒಂದು ಪ್ರಯಾಣಕ್ಕೆ ಬಂದು ನಿಂತಿತು. ಆ ಪ್ರಯಾಣವಾದರೋ ಹೆಬ್ಬೆರಳಿನ ಗಾತ್ರದ ನಾಲ್ಕು ಪ್ಲಗ್ಗುಗಳನ್ನು ಅವಲಂಬಿಸಿತ್ತು.

ಪೆಟ್ರೋಲ್ ಎಂಜಿನಿನಲ್ಲಿ ಬೆಂಕಿ ಹಚ್ಚುವ ಕೆಲಸ ಸ್ಪಾರ್ಕ್ ಪ್ಲಗ್ಗಿನದು. ಬ್ಯಾಟರಿಯ 12 ವೋಲ್ಟು ಕಾಯಿಲಿನೊಳಗೆ ಹತ್ತು ಸಾವಿರ, ಹದಿನೈದು ಸಾವಿರ ವೋಲ್ಟುಗಳಾಗಿ ಏರಿ, ಡಿಸ್ಟ್ರಿಬ್ಯೂಟರಿನ ಮೂಲಕ ಸರದಿಯಂತೆ ಒಂದೊಂದು ಪ್ಲಗ್ಗಿಗೆ ಬರುತ್ತದೆ. ಅಂಬಾಸಡರಿನಲ್ಲಿ ಆ ಸರದಿ 1, 3, 4, 2. ಪ್ಲಗ್ಗಿನ ನಡುವಿನ ಕಡ್ಡಿಗೂ ಅದರ ಮೇಲೆ ಕೊಕ್ಕೆಯಂತೆ ಬಾಗಿರುವ ಪಕ್ಕದ ಕಡ್ಡಿಗೂ ನಡುವೆ ಒಂದು ಸಂದು ಇದೆ. ವಿದ್ಯುತ್ತು ಆ ಸಂದನ್ನು ಹಾರುವಾಗ ಕಿಡಿಯಾಗುತ್ತದೆ. ಕಿಡಿ ತಗಲಿ ಪೆಟ್ರೋಲಿನ ಆವಿ ಹೊತ್ತಿಕೊಳ್ಳುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನಿನಲ್ಲಿ ಒಂದೊಂದು ಪ್ಲಗ್ಗು ನಿಮಿಷಕ್ಕೆ 1500 ಸಲ, ಅಂದರೆ ಸೆಕೆಂಡಿಗೆ 25 ಸಲ ಈ ಕೆಲಸ ಮಾಡಬೇಕು. ಒಂದು ಕಿಲೋಮೀಟರು ದಾರಿ ಸವೆಯುವುದರೊಳಗೆ ಸಾವಿರಕ್ಕೂ ಮೇಲ್ಪಟ್ಟು ಕಿಡಿಗಳು! ಅವುಗಳಲ್ಲಿ ಹತ್ತಕ್ಕೆ ಒಂದು ತಪ್ಪಿದರೂ ಕುಳಿತವರ ಬೆನ್ನಿಗೆ ಅದು ತಿಳಿಯುತ್ತದೆ.

ಪ್ಲಗ್ಗಿನ ಚರಿತ್ರೆಯೂ ಸ್ವಾರಸ್ಯವಾದದ್ದೇ. 1860ರಲ್ಲಿ ಫ್ರಾನ್ಸಿನಲ್ಲಿದ್ದ ಲೆನ್ವಾರ್ ಎಂಬಾತ ತನ್ನ ಅನಿಲ ಎಂಜಿನಿಗೆ ವಿದ್ಯುತ್ ಕಿಡಿಯನ್ನು ಬಳಸಿದ್ದನು. 1902ರಲ್ಲಿ ಜರ್ಮನಿಯ ಬಾಷ್ ಕಾರಖಾನೆಯ ಹೊನೋಲ್ಡ್ ಎಂಬ ಎಂಜಿನಿಯರು ಹೆಚ್ಚು ವೋಲ್ಟಿನ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ಸಿದ್ಧಪಡಿಸಿದ ಮೇಲೆ ಮೋಟಾರುಗಳಿಗೆ ನಂಬುಗೆಯ ಕಿಡಿ ದೊರೆಯಿತು. ಆಲ್ಬರ್ಟ್ ಚಾಂಪಿಯನ್ ಎಂಬ ಫ್ರೆಂಚ್ ಸೈಕಲ್ ಪಂದ್ಯಗಾರ ಅಮೆರಿಕೆಗೆ ಹೋಗಿ ಪ್ಲಗ್ ವ್ಯಾಪಾರ ತೆರೆದು, ಪಾಲುದಾರರೊಡನೆ ಕೆಡಿಸಿಕೊಂಡು ಹೊರಬಂದನು. ಅವನ ಹೆಸರು ಅವರಲ್ಲಿಯೇ ಉಳಿಯಿತು. ಮುಂದೆ ತನ್ನ ಹೆಸರಿನ ಮೊದಲಕ್ಷರಗಳಿಂದಲೇ ಅವನು ‘ಎಸಿ’ ಪ್ಲಗ್ಗನ್ನು ತಂದನು. ಅಂಗಡಿಯ ಕಪಾಟಿನಲ್ಲಿ ಪರಸ್ಪರ ಸ್ಪರ್ಧಿಸುತ್ತ ಕುಳಿತ ಎರಡು ಡಬ್ಬಿಗಳ ಮೇಲೂ ಒಬ್ಬನೇ ಮನುಷ್ಯನ ಹೆಸರು!

ಕನ್ನಡಿಗರಿಗೆ ಪ್ಲಗ್ಗೆಂದರೆ ಬಹುಕಾಲ ಮೈಕೊ. ಮೋಟಾರ್ ಇಂಡಸ್ಟ್ರೀಸ್ ಕಂಪನಿಯು 1951ರಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರಖಾನೆ ಎದ್ದಿತು. ಬಾಷ್ ಸಂಸ್ಥೆಯ ಸಹಯೋಗದಿಂದ ಸ್ಪಾರ್ಕ್ ಪ್ಲಗ್ಗುಗಳೂ ಡೀಸೆಲ್ ಪಂಪುಗಳೂ ಅಲ್ಲಿ ತಯಾರಾದುವು. 2008ರಲ್ಲಿ ಕಂಪನಿಯ ಹೆಸರೇ ಬಾಷ್ ಎಂದಾಯಿತು. ಆದರೂ ಊರ ಮಿಸ್ತ್ರಿಗಳ ಬಾಯಲ್ಲಿ ಅದು ಇಂದಿಗೂ ಮೈಕೊವೇ. ಸವಣೂರು, ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳ ಕಡೆಗೆ ಮೋಟಾರಿನ ಸಾಮಾನು ಹಿಂದೆ ಬರುತ್ತಿದ್ದುದು ಬೆಂಗಳೂರಿಗಿಂತ ಹೆಚ್ಚಾಗಿ ಮುಂಬಯಿಯಿಂದ. 1956ರ ನವೆಂಬರ್ 1ರವರೆಗೆ ಈ ಸೀಮೆ ಮುಂಬಯಿ ರಾಜ್ಯದಲ್ಲಿತ್ತಲ್ಲವೆ? ಸವಣೂರಂತೂ 1948ರವರೆಗೆ ನವಾಬರ ಸ್ವಂತ ಸಂಸ್ಥಾನವಾಗಿತ್ತು. ಇಲ್ಲಿಯ ಹಳೆಯ ಮಿಸ್ತ್ರಿಗಳು ಇಂದಿಗೂ ಸ್ಪಾನರಿಗೆ ‘ಪಾನಾ’ ಎಂದು ಮರಾಠಿ ಮಾತನ್ನೇ ಬಳಸುವುದರಲ್ಲಿ ಆ ಕಾಲದ ನೆನಪಿದೆ.

ಇರಲಿ. ಮಾಸ್ತರರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು. ಅಜ್ಜಿಯ ಮಾತು ಕೇಳಿ ಅವನಿಗೆ ಉತ್ಸಾಹ ಬಂದಿತು. ಹಳೆಯ ಪ್ಲಗ್ಗುಗಳ ಮೇಲಿನ ಅಕ್ಷರ ಮಾಸಿಹೋಗಿತ್ತು. ಒಂದನ್ನು ಬಿಚ್ಚಿ, ತಿರುಪಿನ ಅಡ್ಡಗಲವನ್ನು ಅಳೆದನು: 14 ಮಿಲಿಮೀಟರು. 14 ಮಿಲಿಮೀಟರಿನದೇ ಆದ, ಆದರೆ ಅಂಕಿ ದೊಡ್ಡದಾಗಿರುವ ಪ್ಲಗ್ಗುಗಳನ್ನು ಆರಿಸಿ ತರಿಸಿದನು. ಅಂಕಿ ದೊಡ್ಡದಾದಷ್ಟು ಶಕ್ತಿ ಹೆಚ್ಚೆಂಬುದು ಅವನ ತರ್ಕ. ಬಂದದ್ದು ಎನ್‌ಜಿಕೆಯ ‘ಬಿ8ಎಚ್‌ಎಸ್’. ಎರಡು ಬಡಿತದ ಮೋಟಾರ್ ಸೈಕಲ್ಲುಗಳಿಗೆ ಹೇಳಿ ಮಾಡಿಸಿದಂಥ ಒಳ್ಳೆಯ ಪ್ಲಗ್ಗು; ಅಂಬಾಸಡರಿಗಲ್ಲ.

ತಿರುಪು ಸರಿಯಾಗಿಯೇ ಕುಳಿತಿತು. ಗಾಡಿ ಹೊರಟಿತು ಕೂಡ. ಪರೀಕ್ಷೆಗೆಂದು ತಂದೆ ಮಗ ಇಬ್ಬರೂ ಹಾನಗಲ್ಲಿನವರೆಗೆ ಹೋದರು. ತೆರವಾದ ರಸ್ತೆಯಲ್ಲಿ ಗಾಡಿ ಹೇಗೋ ಓಡಿತು. ಹಾನಗಲ್ಲು ಭತ್ತದ ಸೀಮೆ, ಕೆರೆಗಳ ಸೀಮೆ. ಸುಗ್ಗಿಯ ದಿನಗಳಲ್ಲಿ ಹೇರು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಎರಡನೆಯ ಗೇರಿನಲ್ಲಿ ತೆವಳುವುದೊಂದೇ ದಾರಿ. ಪೇಟೆಯ ನಡುವೆ ಬರುವ ಹೊತ್ತಿಗೆ ಎಂಜಿನು ಮೂರು ಕಾಲಿನ ಕುದುರೆಯಾಯಿತು. ತಾರಕೇಶ್ವರನ ಗುಡಿಯ ಕಡೆಗೆ ತಿರುಗುವಷ್ಟರಲ್ಲಿ ಎರಡು ಕಾಲಿನದಾಗಿ, ನಿಂತೇ ಹೋಯಿತು. ಹಿಂದಿನಿಂದ ಹಾರ್ನುಗಳ ಮಂಗಳವಾದ್ಯ. ಮಾಸ್ತರರಿಗೆ ಅಂದು ಪೇಟೆಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳೇ ಗಾಡಿಯನ್ನು ಬದಿಗೆ ನೂಕಿದರು. ಅದೇ ರಾತ್ರಿ ಹುಬ್ಬಳ್ಳಿಯಿಂದ ಅಣ್ಣನ ಮಾತು ಬಂದಿತು: ಅವ್ವನನ್ನು ಕೂರಿಸಿಕೊಂಡು ಹೀಗೆ ನಡುದಾರಿಯಲ್ಲಿ ನಿಂತಿದ್ದರೆ? ಗಾಡಿಯನ್ನು ಈ ತಿಂಗಳೇ ಮಾರಿಬಿಡುವುದು ಒಳ್ಳೆಯದು.

ಅಣ್ಣನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹೆದ್ದಾರಿಯ ಮೇಲೆ ಲಾರಿಗಳ ನಡುವೆ ತಟಕ್ಕನೆ ನಿಲ್ಲುವ ಗಾಡಿಯಲ್ಲಿ ವೃದ್ಧೆಯನ್ನು ಕರೆದೊಯ್ಯುವುದು ಪ್ರೀತಿಯೆನಿಸದು.

ಮರುದಿನ ಸವಣೂರಿನಿಂದ ಒಬ್ಬ ಹಳೆಯ ಮಿಸ್ತ್ರಿಯನ್ನು ಕರೆತಂದರು. ದೊಡ್ಡಹುಣಸೆ ಮರಗಳ ಊರಿನಲ್ಲಿ ಐವತ್ತು ವರ್ಷ ಪಾನಾ ಹಿಡಿದ ಕೈ. ಅವರು ಬಾನೆಟ್ಟನ್ನು ತೆರೆದರು, ಒಂದು ಪ್ಲಗ್ಗು ಬಿಚ್ಚಿದರು, ಪಕ್ಕದಲ್ಲಿ ಬಿದ್ದಿದ್ದ ಹಳೆಯದರ ಜೊತೆಗೆ ಅದನ್ನು ಅಂಗೈಯ ಮೇಲಿಟ್ಟರು.

“ಗಾಡಿದು ಏನೂ ತಪ್ಪಿಲ್ರೀ ಮಾಸ್ತರ್ರ. ಯಾರ್ದೋ ಕಾಲಿನ ಬೂಟು ಇದರ ಕಾಲಿಗೆ ಹಾಕ್ಯಾರ.”

ಅಂಗೈಯ ಮೇಲಿನ ವ್ಯತ್ಯಾಸ ಮಕ್ಕಳಿಗೂ ಕಾಣುವಂತಿತ್ತು. ಹಳೆಯ ಪ್ಲಗ್ಗಿನ ತಿರುಪಿನ ಭಾಗ 19 ಮಿಲಿಮೀಟರು ಉದ್ದ, ಹೊಸದರದು 12.7 ಮಿಲಿಮೀಟರು. ಅಡ್ಡಗಲ ಒಂದೇ ಇದ್ದುದರಿಂದ ಎರಡೂ ಒಂದೇ ತೂತಿನಲ್ಲಿ ಕುಳಿತವು. ಆದರೆ ಗಿಡ್ಡ ಪ್ಲಗ್ಗಿನ ತುದಿ ಸಿಲಿಂಡರಿನ ಕೋಣೆಯನ್ನು ತಲುಪದೆ, ಬಾವಿಯ ಒಳಗೋಡೆಯಲ್ಲಿ ಅಡಗಿದ ಪಾರಿವಾಳದಂತೆ ತೂತಿನೊಳಗೇ ಉಳಿಯಿತು. ಪೆಟ್ರೋಲಿನ ಹೊಸ ಆವಿ ಅಲ್ಲಿಗೆ ಸರಿಯಾಗಿ ಬಾರದು. ಹೊತ್ತಿದ ಬೆಂಕಿ ಸರಿಯಾಗಿ ಹರಡದು. ಬರಿದಾಗಿ ಉಳಿದ ತಿರುಪಿನ ಸುತ್ತುಗಳಲ್ಲಿ ಮಸಿ ಕಟ್ಟುತ್ತದೆ. ಇದಾದರೂ ಸಣ್ಣ ತಪ್ಪು. ಇದಕ್ಕೆ ತಿರುಗುಮುರುಗಾಗಿ, ಗಿಡ್ಡ ತೂತಿನ ಎಂಜಿನಿಗೆ ಉದ್ದ ಪ್ಲಗ್ಗು ಹಾಕಿದರೆ ಮೇಲೇರುವ ಪಿಸ್ಟನ್ನೋ ತೆರೆಯುವ ವಾಲ್ವೋ ಅದಕ್ಕೆ ಬಡಿಯಬಹುದು. ಆಗ ಹೋಗುವುದು ಒಂದು ಪ್ಲಗ್ಗಲ್ಲ, ಇಡೀ ಎಂಜಿನು. ಹಳೆಯ ಜೀಪುಗಳನ್ನು ಇಟ್ಟುಕೊಂಡವರು ಇದನ್ನು ವಿಶೇಷವಾಗಿ ನೆನಪಿಡಬೇಕು. ವಿಲ್ಲಿಸ್ ಜೀಪಿನ ತೂತು ಅಂಬಾಸಡರಿನ ಅರ್ಧದಷ್ಟೇ ಆಳ, ಅಡ್ಡಗಲ ಮಾತ್ರ ಅದೇ 14 ಮಿಲಿಮೀಟರು.

ಹುಡುಗನಿಗೆ ಇನ್ನೂ ಒಂದು ಸಂದೇಹ. “ಕಾಕಾ, ಎಂಟು ಅಂದ್ರ ಆರಕ್ಕಿಂತ ಜೋರು ಅಲ್ಲೇನ್ರಿ?”

“ತಮ್ಮಾ, ನಂಬರ್ ದೊಡ್ಡದಾದ್ರ ಕಿಡಿ ದೊಡ್ಡದಾಗೂದಿಲ್ಲ. ಅದು ಕಾವಿನ ನಂಬರು.”

ಕಾವಿನ ಮಾತನ್ನು ಅಡಿಗೆಮನೆಯ ಉದಾಹರಣೆಯಿಂದ ತಿಳಿಯಬಹುದು. ಗಿಡ್ಡ ಹಿಡಿಯ ಸೌಟನ್ನು ಕುದಿಯುವ ಸಾರಿನಲ್ಲಿ ಇಟ್ಟರೆ ಬಿಸಿ ಬೇಗನೆ ಕೈಗೆ ಬರುತ್ತದೆ. ಉದ್ದ ಹಿಡಿಯದರಲ್ಲಿ ತಡವಾಗಿ ಬರುತ್ತದೆ. ಪ್ಲಗ್ಗಿನ ತುದಿಯ ಬಿಳಿಯ ಪಿಂಗಾಣಿಯದೂ ಹೀಗೆಯೇ. ಪಿಂಗಾಣಿಯ ಮೂಗು ಗಿಡ್ಡವಾಗಿದ್ದರೆ ಅದರ ಕಾವು ಬೇಗ ಹೆಡ್ಡಿಗೆ ಇಳಿದುಹೋಗುತ್ತದೆ. ಅದು ‘ತಣ್ಣನೆಯ’ ಪ್ಲಗ್ಗು. ಮೂಗು ಉದ್ದವಾಗಿದ್ದರೆ ಕಾವು ತುದಿಯಲ್ಲಿಯೇ ನಿಲ್ಲುತ್ತದೆ. ಅದು ‘ಬಿಸಿ’ ಪ್ಲಗ್ಗು. ತುದಿಯ ಕಾವು ಸುಮಾರು 450 ಡಿಗ್ರಿ ಸೆಲ್ಸಿಯಸ್ಸಿನ ಮೇಲಿದ್ದರೆ ಕೂತ ಮಸಿ ತಾನಾಗಿಯೇ ಉರಿದುಹೋಗುವುದು. ಅದಕ್ಕಿಂತ ಕೆಳಗಾದರೆ ಮಸಿ ಉಳಿದು, ವಿದ್ಯುತ್ತು ಸಂದನ್ನು ಹಾರುವ ಬದಲು ಮಸಿಯ ಮೇಲೆಯೇ ಜಾರಿಹೋಗುತ್ತದೆ. ಸುಮಾರು 850 ಡಿಗ್ರಿಯನ್ನು ಮೀರಿ ಕಾದರೆ ಇನ್ನೂ ಕೆಟ್ಟದ್ದು: ಕಿಡಿ ಹಾರುವ ಮೊದಲೇ ಕೆಂಡದಂತಾದ ತುದಿಯಿಂದ ಬೆಂಕಿ ಹತ್ತಿ, ಮೇಲೇರುತ್ತಿರುವ ಪಿಸ್ಟನ್ನಿನ ತಲೆಯ ಮೇಲೆ ಪೆಟ್ಟು ಬೀಳುತ್ತದೆ. ಹಾಗೆ ತೂತು ಬಿದ್ದ ಪಿಸ್ಟನ್ನುಗಳನ್ನು ನೋಡದ ಮಿಸ್ತ್ರಿಯಿಲ್ಲ. ಜೋರಾಗಿ ತಿರುಗುವ, ಹೆಚ್ಚು ಕಾಯುವ ಎಂಜಿನಿಗೆ ತಣ್ಣನೆಯ ಪ್ಲಗ್ಗು. ಸಾವಧಾನದ ಹಳೆಯ ಎಂಜಿನಿಗೆ ಬಿಸಿ ಪ್ಲಗ್ಗು. ಸ್ವಭಾವಕ್ಕೆ ವಿರುದ್ಧವಾದ ಜೋಡಿ ಇಲ್ಲಿ ಒಳ್ಳೆಯದು.

ತೊಡಕು ಇರುವುದು ಅಂಕಿಗಳಲ್ಲಿ. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ಗು ತಣ್ಣಗೆ. ಚಾಂಪಿಯನ್ನಿನಲ್ಲಿ ಅಂಕಿ ಏರಿದಷ್ಟೂ ಬಿಸಿ. ಹಳೆಯ ಮೈಕೊ, ಬಾಷ್ ಪ್ಲಗ್ಗುಗಳ ಮೇಲೆ 145, 175, 225 ಎಂಬಂಥ ಅಂಕಿಗಳಿದ್ದವು. ಅವು ಏರಿದಷ್ಟೂ ತಣ್ಣಗೆ. ಮುಂದೆ ಅದೇ ಬಾಷ್ ಒಂದಂಕಿಯ ಹೊಸ ಪದ್ಧತಿಯನ್ನು ತಂದಾಗ ಲೆಕ್ಕ ತಿರುಗಿಹೋಯಿತು: ಹಳೆಯ 175ಕ್ಕೆ ಹೊಸದು 7, ಹಳೆಯ 225ಕ್ಕೆ ಹೊಸದು 5, ಈಗ ಅಂಕಿ ಏರಿದಷ್ಟೂ ಬಿಸಿ! ತಂದೆಯ ಕಾಲದ ಡಬ್ಬಿಯನ್ನು ಹಿಡಿದು ಮಗ ಅಂಗಡಿಗೆ ಹೋದರೆ ಎಡವದೆ ಇರಲು ಸಾಧ್ಯವೆ? ಇದನ್ನು ಯೋಜಿಸಿದವರು ಕೊಳ್ಳುವವರ ಮೇಲೆ ಕೊಂಚ ಕರುಣೆ ತೋರಬಹುದಾಗಿತ್ತು.

ಅಕ್ಷರಗಳಿಗೂ ಅರ್ಥವುಂಟು. ಎನ್‌ಜಿಕೆಯ ‘ಬಿ’ ಅಂದರೆ 14 ಮಿಲಿಮೀಟರ್ ಅಡ್ಡಗಲ. ಅಂಕಿಯ ಮುಂದಿನ ‘ಎಚ್’ ಅಂದರೆ 12.7 ಮಿಲಿಮೀಟರ್ ಉದ್ದ, ‘ಇ’ ಅಂದರೆ 19. ಇಡೀ ಅನಾಹುತ ಈ ಒಂದು ಅಕ್ಷರದಲ್ಲಿ ಅಡಗಿತ್ತು. ಬಾಷ್‌ನ ಹೊಸ ಪದ್ಧತಿಯಲ್ಲಿ ಅಂಕಿಯ ನಂತರ ‘ಎ’ ಅಥವಾ ‘ಬಿ’ ಇದ್ದರೆ ಗಿಡ್ಡ, ‘ಸಿ’ ಅಥವಾ ‘ಡಿ’ ಇದ್ದರೆ ಉದ್ದ. ‘ಆರ್’ ಎಂಬ ಅಕ್ಷರವಿದ್ದರೆ ಒಳಗೆ ಸುಮಾರು 5000 ಓಮಿನ ಪ್ರತಿರೋಧವಿದೆಯೆಂದು ತಿಳಿಯಬೇಕು. ಅದು ರೇಡಿಯೋದ ಗರಗರವನ್ನು ತಡೆಯಲು ಇರುವುದು. ರೇಡಿಯೋ ಇಲ್ಲದ, ತಾಮ್ರದ ತಂತಿಯ ಹಳೆಯ ಗಾಡಿಗೆ ಅಗತ್ಯವಿಲ್ಲ, ಇದ್ದರೆ ಕೇಡೂ ಇಲ್ಲ.

ಅಂಬಾಸಡರಿನ 1489 ಘನ ಸೆಂಟಿಮೀಟರಿನ ಎಂಜಿನು ಇಂಗ್ಲೆಂಡಿನ ಬಿಎಂಸಿ ವಂಶದ್ದು. ಆ ವಂಶದ ಪುಸ್ತಕಗಳಲ್ಲಿ ಹೇಳಿದ್ದು ಚಾಂಪಿಯನ್ ‘ಎನ್5’, ಸಂದು ಅಂಗುಲದ ಸಾವಿರದಲ್ಲಿ 25 ಭಾಗ. ಅದಕ್ಕೆ ಸಮನಾಗಿ ಮಿಸ್ತ್ರಿ ಸೂಚಿಸಿದ್ದು ಎನ್‌ಜಿಕೆಯ ‘ಬಿಪಿ6ಇಎಸ್’. ಆದರೆ ಅವರು ನಾಲ್ಕನ್ನು ತರಲು ಹೇಳಲಿಲ್ಲ. ಅದಕ್ಕೆ ಮೊದಲು ಹಳೆಯ ನಾಲ್ಕು ಪ್ಲಗ್ಗುಗಳನ್ನೂ ಸರದಿಯಂತೆ ಹಳೆಯ ಪತ್ರಿಕೆಯೊಂದರ ಮೇಲೆ ಸಾಲಾಗಿ ಇಡಿಸಿದರು. ಯಾವುದು ಯಾವ ಸಿಲಿಂಡರಿನದೆಂದು ಗುರುತಿಡದೆ ಬಿಚ್ಚಿದರೆ, ಕೈಗೆ ಬಂದ ನಾಲ್ಕು ಪತ್ರಗಳ ವಿಳಾಸವನ್ನು ಹರಿದು ಒಗೆದಂತೆಯೇ ಸರಿ.

ಒಂದನೆಯದರ ತುದಿ ತಿಳಿಯಾದ ಕಂದು ಬಣ್ಣ, ಚಹದಲ್ಲಿ ಅದ್ದಿದ ಬಿಸ್ಕೀಟಿನಂತೆ. ಅದು ಆರೋಗ್ಯ. ಎರಡನೆಯದೂ ನಾಲ್ಕನೆಯದೂ ಕೊಂಚ ಕಪ್ಪಾಗಿ, ಒರೆಸಿದರೆ ಉದುರುವ ಒಣ ಮಸಿಯಿಂದ ಕೂಡಿದ್ದವು. ಒಣ ಮಸಿಯೆಂದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಧೂಳು ತುಂಬಿದ ಏರ್ ಕ್ಲೀನರನ್ನು ತೊಳೆದರೆ ಅರ್ಧ ವಾಸಿ. ತುದಿ ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆಯೆದ್ದಿದ್ದರೆ ಅದು ಅತಿಯಾದ ಕಾವಿನ ಗುರುತು, ಇಲ್ಲಿ ಅದಿರಲಿಲ್ಲ. ಮೂರನೆಯದನ್ನು ಮಾತ್ರ ಮಿಸ್ತ್ರಿ ಬಹಳ ಹೊತ್ತು ನೋಡಿದರು. ಅದು ಕಪ್ಪಾಗಿತ್ತು, ಒದ್ದೆಯಾಗಿತ್ತು, ಬೆರಳಿಗೆ ಜಿಡ್ಡು ಹತ್ತುತ್ತಿತ್ತು. ಪೆಟ್ರೋಲಾಗಿದ್ದರೆ ಬಿಸಿಲಿಗೆ ಆರಿಹೋಗಬೇಕಿತ್ತು. ಇದು ಆಯಿಲು. ಮೂರನೆಯ ಸಿಲಿಂಡರಿನ ರಿಂಗುಗಳು ಸವೆದು, ಕೆಳಗಿನ ಎಣ್ಣೆ ಮೇಲೇರುತ್ತಿದೆಯೆಂದು ಅರ್ಥ.

ಇಂಥ ಕಡೆ ಮಿಸ್ತ್ರಿಗಳ ಪರೀಕ್ಷೆಯಾಗುತ್ತದೆ. ಹೊಸ ಪ್ಲಗ್ಗು ಹಾಕಿ, ಗಾಡಿ ಸರಿಯಾಯಿತೆಂದು ಹಣ ಎಣಿಸಿಕೊಂಡು ಹೋಗಬಹುದು; ಎರಡು ವಾರದಲ್ಲಿ ಮತ್ತೆ ಕೆಮ್ಮು. ಎಂಜಿನು ಪೂರ್ತಿ ಬಿಚ್ಚಲೇಬೇಕೆಂದು ಹೆದರಿಸಲೂಬಹುದು. ಆಗ ಹಿರಿಯ ಮಗನ ಮಾತೇ ಗೆದ್ದು ಗಾಡಿ ಗುಜರಿಗೆ ಹೋಗುತ್ತದೆ. ಸವಣೂರಿನವರು ಎರಡನ್ನೂ ಮಾಡಲಿಲ್ಲ.

“ರಿಂಗು ಸವದಾವ್ರೀ ಮಾಸ್ತರ್ರ. ಒಂದಿಲ್ಲೊಂದು ದಿನ ಬಿಚ್ಚೂದ ಐತಿ. ಆದ್ರ ಅವ್ವಾರನ್ನ ಹಿರೇಕೆರೂರಿಗೆ ಮುಟ್ಟಸ್ಲಿಕ್ಕೆ ಇದು ಅಡ್ಡಿ ಬರೂದಿಲ್ಲ. ಮೂರನೇದ್ಕ ಒಂದು ಬಿಸಿ ಪ್ಲಗ್ಗು ಹಾಕೋಣು.”

ಇದು ಹಳೆಯ ಕಾಲದಿಂದಲೂ ತಿಳಿದವರು ಮಾಡುತ್ತ ಬಂದ ಉಪಾಯ. ಎಣ್ಣೆಯೇರುವ ಸಿಲಿಂಡರಿಗೆ ಮಾತ್ರ ಒಂದು ಮೆಟ್ಟಿಲು ಬಿಸಿಯಾದ ಪ್ಲಗ್ಗು ಕೊಟ್ಟರೆ, ಅದರ ತುದಿ ಏರಿದ ಎಣ್ಣೆಯನ್ನು ಸುಟ್ಟುಕೊಳ್ಳುತ್ತದೆ. ರೋಗಕ್ಕೆ ಔಷಧವಲ್ಲ, ಊರುಗೋಲು. ಮೂರು ‘ಬಿಪಿ6ಇಎಸ್’, ಒಂದು ‘ಬಿಪಿ5ಇಎಸ್’ ಹುಬ್ಬಳ್ಳಿಯಿಂದ ಬಂದವು. ತಂದುಕೊಟ್ಟವರು, ಗಾಡಿಯನ್ನು ಮಾರಬೇಕೆಂದ ಹಿರಿಯ ಮಗನೇ.

ಇನ್ನು ಸಂದಿನ ಮಾತು. ಹೊಸ ಪ್ಲಗ್ಗು ಡಬ್ಬಿಯಿಂದ ಬರುವಾಗ ಸಂದು ಸರಿಯಾಗಿಯೇ ಇರುತ್ತದೆಂಬ ನಂಬಿಕೆ ಬಹಳ ಮಂದಿಯಲ್ಲಿದೆ. ಕಾರಖಾನೆಗೆ ಆ ಪ್ಲಗ್ಗು ಯಾವ ಗಾಡಿಗೆ ಹೋಗುವುದೆಂದು ಹೇಗೆ ತಿಳಿಯಬೇಕು? ಇಲ್ಲಿ ಬಂದವುಗಳ ಸಂದು ಬೇಕಾದುದಕ್ಕಿಂತ ಅಗಲವಾಗಿತ್ತು. ಅಂಗುಲದ ಸಾವಿರದಲ್ಲಿ 25 ಭಾಗವೆಂದರೆ ಮಿಲಿಮೀಟರಿನಲ್ಲಿ ಸುಮಾರು 0.63. ಸಂದು ಅಗಲವಾದರೆ ಹಾರಲು ಹೆಚ್ಚು ವೋಲ್ಟು ಬೇಕು. ಏರು ಹತ್ತುವಾಗ ಸಿಲಿಂಡರಿನಲ್ಲಿ ಒತ್ತಡ ಹೆಚ್ಚುವುದರಿಂದ ಆ ಬೇಡಿಕೆ ಇನ್ನಷ್ಟು ಏರುತ್ತದೆ. ಅರವತ್ತು ವರ್ಷದ ಕಾಯಿಲು ಕೈಚೆಲ್ಲುತ್ತದೆ. ಗಾಡಿ ಏರಿನಲ್ಲಿ ತಡವರಿಸುತ್ತದೆ. ಹಾಗೆಂದು ಸಂದನ್ನು ಕಿರಿದುಗೊಳಿಸಿದರೂ ಕೆಟ್ಟಿತು. ಕಿಡಿ ಹಾರುತ್ತದೆ, ಆದರೆ ಹುಟ್ಟಿದ ಉರಿ ಅಕ್ಕಪಕ್ಕದ ಲೋಹಕ್ಕೆ ತನ್ನ ಕಾವನ್ನು ಕಳೆದುಕೊಂಡು ನಂದುತ್ತದೆ. ಗಾಡಿ ನಿಂತಲ್ಲಿ ನಡುಗುತ್ತದೆ, ನಿಧಾನದಲ್ಲಿ ಕೆಮ್ಮುತ್ತದೆ. ಫೋರ್ಡಿನ ಹಳೆಯ ‘ಎ’ ಮಾದರಿಗೆ ಸಾವಿರದಲ್ಲಿ 35 ಭಾಗ, ವಿಲ್ಲಿಸ್ ಜೀಪಿಗೆ 30 ಭಾಗ, ಅಂಬಾಸಡರಿಗೆ 25. ಒಂದರ ಅಳತೆ ಮತ್ತೊಂದಕ್ಕೆ ಹೊಂದದು; ಗಾಡಿಯ ಪುಸ್ತಕವೇ ಪ್ರಮಾಣ.

ಸಂದನ್ನು ಅಳೆಯಲು ಫೀಲರ್ ಗೇಜ್ ಎಂಬ ಉಕ್ಕಿನ ಎಲೆಗಳ ಕಟ್ಟು ಸಿಗುತ್ತದೆ. ಹೊಸ ಪ್ಲಗ್ಗಿಗೆ ಚಪ್ಪಟೆಯ ಎಲೆ ಸಾಕು. ಓಡಿದ ಪ್ಲಗ್ಗಿನಲ್ಲಿ ಪಕ್ಕದ ಕಡ್ಡಿಯ ಒಳಮೈ ಸವೆದು ಗುಳಿ ಬಿದ್ದಿರುವುದುಂಟು. ಚಪ್ಪಟೆ ಎಲೆ ಗುಳಿಯ ಅಂಚಿನ ಮೇಲೆ ನಿಂತು, ಇರುವುದಕ್ಕಿಂತ ಕಿರಿದಾದ ಅಳತೆ ಹೇಳುತ್ತದೆ. ಅಲ್ಲಿ ದುಂಡನೆಯ ತಂತಿಯ ಗೇಜೇ ಆಗಬೇಕು. ಸವಣೂರಿನ ಮಿಸ್ತ್ರಿ ಚೀಲದಿಂದ ತೆಗೆದದ್ದು ಇವೆರಡೂ ಅಲ್ಲ. ಮುರಿದ ಒಂದು ಹ್ಯಾಕ್ಸಾ ಬ್ಲೇಡು! ಹುಡುಗನಿಗೆ ನಗು ಬಂದಿತು. ತನ್ನ ಹೊಸ ಗೇಜಿನಿಂದ ಬ್ಲೇಡಿನ ದಪ್ಪವನ್ನು ಹೋಲಿಸಿ ನೋಡಿದ ಮೇಲೆ ನಗು ಹೋಯಿತು. ಸಾಮಾನ್ಯವಾದ ಕೈಗರಗಸದ ಬ್ಲೇಡಿನ ದಪ್ಪ ಸರಿಯಾಗಿ ಅಂಗುಲದ ಸಾವಿರದಲ್ಲಿ 25 ಭಾಗ. ಹಲ್ಲುಗಳು ಎಡಬಲಕ್ಕೆ ಬಾಗಿರುವುದರಿಂದ ಬೆನ್ನಿನ ಭಾಗವನ್ನೇ ತೂರಿಸಬೇಕು, ಅಷ್ಟೇ.

ಸಂದನ್ನು ತಿದ್ದುವಾಗ ಪಕ್ಕದ ಕಡ್ಡಿಯನ್ನು ಮಾತ್ರ ಬಾಗಿಸತಕ್ಕದ್ದು. ಅಗಲವಾಗಿದ್ದರೆ ಅದನ್ನು ಗಟ್ಟಿಯಾದ ಕಟ್ಟಿಗೆಯ ಮೇಲೆ ಮೆಲ್ಲನೆ ತಟ್ಟಬೇಕು. ಕಿರಿದಾಗಿದ್ದರೆ ಬಾಗಿಸುವ ಕೊಂಡಿಯಿಂದ ಮೇಲಕ್ಕೆತ್ತಬೇಕು. ನಡುವಿನ ಕಡ್ಡಿಗೆ ಸ್ಕ್ರೂಡ್ರೈವರನ್ನು ಆನಿಸಿ ಮೀಟಿದರೆ ಒಳಗಿನ ಪಿಂಗಾಣಿ ಬಿರಿಯುತ್ತದೆ. ಕೂದಲಿನಂಥ ಆ ಬಿರುಕು ಕಣ್ಣಿಗೆ ಕಾಣದು. ಎಂಜಿನು ಕಾದ ಮೇಲೆ ಕಿಡಿ ಆ ದಾರಿಯಲ್ಲಿ ಕಳ್ಳನಂತೆ ಓಡಿಹೋಗುತ್ತದೆ. ಹೊಸ ಪ್ಲಗ್ಗು ಹಾಕಿಯೂ ಗಾಡಿ ಸರಿಯಾಗಲಿಲ್ಲವೆಂದು ಗೋಳಾಡುವವರಲ್ಲಿ ಹಲವರು ಇದನ್ನೇ ಮಾಡಿರುತ್ತಾರೆ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ಗನ್ನೂ ನಂಬಬಾರದು. ತಂತಿಯ ಬ್ರಷ್ಷಿನಿಂದ ಪಿಂಗಾಣಿಯನ್ನು ತಿಕ್ಕುವುದೂ ತಪ್ಪೇ. ಬ್ರಷ್ಷಿನ ಲೋಹ ಅದರ ಮೇಲೆ ಗೆರೆಯಾಗಿ ಉಳಿದು ವಿದ್ಯುತ್ತಿಗೆ ಹಾದಿಯಾಗುತ್ತದೆ.

ಹುಡುಗ ಮೊದಲ ಪ್ಲಗ್ಗನ್ನು ತಟ್ಟಿದನು. ಬ್ಲೇಡು ಸಡಿಲವಾಗಿ ಓಡಾಡಿತು. ಮತ್ತೆ ತಟ್ಟಿದನು, ಬ್ಲೇಡು ಹೋಗಲೇ ಇಲ್ಲ. ಮೂರನೆಯ ಸಲ, ರೇಷ್ಮೆ ಬಟ್ಟೆಯ ನಡುವೆ ಸೂಜಿ ಎಳೆದಂತೆ ತುಸುವೇ ತಡೆದು ಹೊರಬಂದಿತು. ಮಿಸ್ತ್ರಿ ಮಾತನಾಡದೆ ಎರಡನೆಯ ಪ್ಲಗ್ಗನ್ನು ಅವನ ಕೈಗಿತ್ತರು.

ಕೂರಿಸುವುದು ಎಂಜಿನು ತಣ್ಣಗಿರುವಾಗಲೇ ಆಗಬೇಕು. ಮೊದಲು ಪ್ಲಗ್ಗಿನ ಸುತ್ತಲಿನ ಧೂಳನ್ನು ಊದಿ ತೆಗೆಯಬೇಕು. ಇಲ್ಲದಿದ್ದರೆ ಮಣ್ಣಿನ ಕಣಗಳು ಸಿಲಿಂಡರಿನೊಳಗೇ ಬೀಳುತ್ತವೆ. ತಿರುಪನ್ನು ಬೆರಳಿನಿಂದಲೇ ಪೂರ್ತಿ ತಿರುಗಿಸಬೇಕು. ಬೆರಳಿಗೆ ಸಾಗದಿದ್ದರೆ ಹಾದಿ ತಪ್ಪಿದೆಯೆಂದು ತಿಳಿದು ಹಿಂದೆ ಬರಬೇಕೇ ಹೊರತು ಪಾನಾದಿಂದ ಬಲವಂತ ಮಾಡಬಾರದು. ಬೆರಳಿನ ಬಿಗಿ ಮುಗಿದ ಮೇಲೆ, ಹೊಸ ವಾಷರಿದ್ದರೆ ಪಾನಾದಿಂದ ಅರ್ಧ ಸುತ್ತು. ಒಮ್ಮೆ ಒತ್ತಿದ ವಾಷರಾದರೆ ಸುತ್ತಿನ ಹನ್ನೆರಡನೆಯ ಒಂದು ಪಾಲು ಸಾಕು. ಅಂಬಾಸಡರಿನ ಹೆಡ್ಡು ಬೀಡುಕಬ್ಬಿಣದ್ದಾದ್ದರಿಂದ ಕೊಂಚ ಒರಟುತನವನ್ನು ಸಹಿಸೀತು. ಹಳೆಯ ಫಿಯಟ್ಟುಗಳ ಹೆಡ್ಡು ಅಲ್ಯೂಮಿನಿಯಮ್ಮಿನದು. ಅದರ ತಿರುಪು ಕಿತ್ತು ಬಂದರೆ ಹೆಡ್ಡನ್ನೇ ಲೇಥಿಗೆ ಒಯ್ಯಬೇಕಾದೀತು.

ಈಗಿನ ಪೆಟ್ರೋಲಿನ ಬಗೆಗೂ ಒಂದು ಮಾತು ಬೇಕು. 2000ನೆಯ ಇಸವಿಯ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸ ಬೆರೆಸಿದ ಪೆಟ್ರೋಲು ನಿಂತಿತು. ಈಚೆಗೆ ನೂರಕ್ಕೆ 20ರಷ್ಟು ಎಥನಾಲ್ ಬೆರೆತದ್ದು ಬರುತ್ತಿದೆ. ಕಬ್ಬಿನಿಂದಲೂ ಹಾವೇರಿ ಸೀಮೆಯ ಹೊಲಗಳಲ್ಲಿ ತುಂಬಿ ನಿಲ್ಲುವ ಗೋವಿನಜೋಳದಂಥ ಧಾನ್ಯದಿಂದಲೂ ತೆಗೆದ ಮದ್ಯಸಾರ ಅದು. ಹಳೆಯ ಕಾರ್ಬುರೇಟರಿಗೆ ಅದು ತೆಳುವಾದ ಆಹಾರವಾಗುವುದರಿಂದ ಪ್ಲಗ್ಗಿನ ಬಣ್ಣ ಹಳೆಯ ಪುಸ್ತಕಗಳು ಹೇಳುವುದಕ್ಕಿಂತ ಬಿಳುಪಾಗಿ ಕಂಡೀತು. ಬಣ್ಣ ಬಿಳುಪೆಂದ ಮಾತ್ರಕ್ಕೆ ತಣ್ಣನೆಯ ಪ್ಲಗ್ಗಿಗೆ ಹಾರದೆ, ಮೊದಲು ಕಾರ್ಬುರೇಟರನ್ನು ಸರಿಪಡಿಸಿ ನೋಡುವುದು ವಿವೇಕ. ರಬ್ಬರಿನ ಹಳೆಯ ಕೊಳವೆಗಳನ್ನು ಬದಲಿಸುವುದು ಅದಕ್ಕಿಂತಲೂ ತುರ್ತು.

ಕಿಡಿ ತಪ್ಪುವ ಎಂಜಿನು ಉರಿಯದ ಪೆಟ್ರೋಲನ್ನು ಹೊಗೆಯಲ್ಲಿ ಬಿಡುವುದರಿಂದ ಹೊಗೆಪರೀಕ್ಷೆಯಲ್ಲಿಯೂ ಸೋಲುತ್ತದೆ. ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕಾದ ಹಳೆಯ ಗಾಡಿಗಳಿಗೆ ಇದು ಸಣ್ಣ ವಿಷಯವಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಐವತ್ತು ವರ್ಷ ದಾಟಿದ ಗಾಡಿಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ತಂದಿದೆ. ಹುಡುಗನಿಗೆ ಅದರ ಮೇಲೆ ಆಸೆ. ಆದರೆ ಆ ಶ್ರೇಣಿಗೆ ಸೇರಿದ ಗಾಡಿಯನ್ನು ಪ್ರದರ್ಶನಕ್ಕೂ ರ್‍ಯಾಲಿಗೂ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಜ್ಜಿಗೆ ಬೇಕಾದದ್ದು ತವರಿಗೆ ಹೋಗುವ ಗಾಡಿ. ಹಳೆಯ ನೋಂದಣಿಯೇ ಉಳಿಯಿತು.

ಹೊರಡುವ ದಿನ ಬೆಳಿಗ್ಗೆ ಹಿರಿಯ ಮಗನೂ ಹುಬ್ಬಳ್ಳಿಯಿಂದ ಬಂದನು. ತನ್ನ ಹೊಸ ಗಾಡಿಯನ್ನು ಹಿಂದಿನಿಂದ ತರುವೆನೆಂದು ಹೇಳಿದನು. ನಿಂತರೆ ಅವ್ವನನ್ನು ಅದರಲ್ಲಿ ಕೂರಿಸಬಹುದಲ್ಲ. ಬುತ್ತಿಯ ಗಂಟು, ನೀರಿನ ತಂಬಿಗೆ, ಒಂದು ದಿಂಬು, ಸವಣೂರಿನ ಎಲೆಯ ಕಟ್ಟು ಎಲ್ಲವೂ ಅಂಬಾಸಡರಿನಲ್ಲಿ ಸೇರಿದವು. ಹುಡುಗನ ಕಿಸೆಯಲ್ಲಿ ಪ್ಲಗ್ಗಿನ ಪಾನಾ, ಮುರಿದ ಹ್ಯಾಕ್ಸಾ ಬ್ಲೇಡು, ಸಂದು ನೋಡಿ ಕಾಗದದಲ್ಲಿ ಸುತ್ತಿದ ಇನ್ನೊಂದು ‘ಬಿಪಿ5ಇಎಸ್’. ಹೆದ್ದಾರಿಯಲ್ಲಿ ಗಾಡಿ ಎಡಗಡೆಯನ್ನು ಹಿಡಿದು ಐವತ್ತರ ವೇಗದಲ್ಲಿ ಸಾಗಿತು. ಹಾವೇರಿಯ ಪೇಟೆಯಲ್ಲಿ ಮೊದಲನೆಯ ಗೇರಿನಲ್ಲಿ ತೆವಳಿತು, ಕೆಮ್ಮಲಿಲ್ಲ. ಮುಂದೆ ಹಿರೇಕೆರೂರಿನ ದಾರಿಯ ಏರಿನಲ್ಲಿ ಮಾಸ್ತರರು ಉಸಿರು ಬಿಗಿಹಿಡಿದು ಕಿವಿಗೊಟ್ಟರು. ಹಿಂದಿನ ಸೀಟಿನಿಂದ ಕೇಳಿಬಂದದ್ದು ಎಂಜಿನಿನ ಸದ್ದಲ್ಲ, ತಾಯಿಯ ಮಾತು: ಯಾವ ಹೊಲ ಯಾರದಾಗಿತ್ತು, ಯಾವ ಕೆರೆಯ ದಂಡೆಯಲ್ಲಿ ಯಾವ ಮರವಿತ್ತು, ಈ ಗಾಡಿ ಮೊದಲ ಸಲ ಬಂದ ದಿನ ಓಣಿಯ ಹುಡುಗರು ಎಲ್ಲಿಯವರೆಗೆ ಬೆನ್ನಟ್ಟಿ ಓಡಿದ್ದರು.

ತವರುಮನೆಯ ಅಂಗಳದಲ್ಲಿ ಎಂಜಿನು ಆರಿದ ಮೇಲೆ ಹುಡುಗ ಮೂರನೆಯ ಪ್ಲಗ್ಗನ್ನು ಬಿಚ್ಚಿದನು. ತುದಿಯ ಒಂದು ಮಗ್ಗುಲಲ್ಲಿ ಇನ್ನೂ ಜಿಡ್ಡಿನ ಕಪ್ಪಿತ್ತು; ಉಳಿದ ಮುಕ್ಕಾಲು ಭಾಗ ಕಂದು. ದೊಡ್ಡಪ್ಪ ಅದನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಬೆಳಕಿಗೆ ಹಿಡಿದು ನೋಡಿದರು.

“ಆ ರಿಂಗು ಹಾಕಲಿಕ್ಕೆ ಎಷ್ಟು ದಿನ ಬೇಕಂತ ಮಿಸ್ತ್ರಿ?” ಎಂದು ತಮ್ಮನನ್ನು ಕೇಳಿದರು.